ಡಬ್ಬಿ ಕಥೆ: ಆರಿದ ಊಟ ತಿಂದ್ರೆ ಏನಾಗುತ್ತೆ?

ಭಾಗ 1/8
(ಫೋಟೋ: ಟ್ರೈನ್ ಕಿಟಕಿ ಪಕ್ಕ ನನ್ನ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲಿನ ಗುಳಿ ಪಿಯುಸಿ ಕಾಲದ್ದು.)

ಹೋದ ವಾರ ಸ್ಟೋರಿಲಿ ಒಂದು ಪ್ರಶ್ನೆ ಹಾಕಿದ್ದೆ. "ದಿನಾ ಆರಿದ ಊಟ ತಿಂದ್ರೆ ಮುಂದೆ ಆರೋಗ್ಯ ಹಾಳಾಗುತ್ತಾ?" ಹೌದು ಅಂದವರೇ ಜಾಸ್ತಿ. ಗ್ಯಾಸ್ ಆಗುತ್ತೆ, ವಾತ ಬರುತ್ತೆ, ಮಂಡಿ ನೋವು ಬರುತ್ತೆ, ಹೊಟ್ಟೇಲಿ ಕೊಬ್ಬು ಕಟ್ಕೊಳ್ಳುತ್ತೆ ಅಂತೆಲ್ಲಾ ಬರೆದಿದ್ರಿ. ಒಬ್ಬ ಮಾತ್ರ "ಗುರು, ಊಟ ಸಿಕ್ಕಿದ್ರೆ ಸಾಕು" ಅಂದಿದ್ದ. ಅವನು ಹಾಸ್ಟೆಲ್ ಹುಡುಗ, ಅವನ ಕಷ್ಟ ಬೇರೆ.

ನಾನ್ಯಾಕೆ ಕೇಳಿದೆ ಅಂದ್ರೆ, ನನ್ನ ಜೀವನದ ಮಧ್ಯಾಹ್ನಗಳೆಲ್ಲಾ ಆರಿದ ಊಟದಲ್ಲೇ ಕಳೆದಿವೆ. ನಮ್ಮೂರು ತಿಪಟೂರು ಹತ್ತಿರ, ಕಾಲೇಜು ತುಮಕೂರಲ್ಲಿ. ಅಮ್ಮ ಐದಕ್ಕೆ ಎದ್ದು, ಆರೂಕಾಲಿಗೆ ಡಬ್ಬಿ ಕಟ್ಟಿ ಕೈಗೆ ಕೊಡ್ತಾಳೆ. ನಾನು ಅದನ್ನ ತೆಗೆಯೋದು ಮಧ್ಯಾಹ್ನ ಒಂದೂಮುಕ್ಕಾಲಿಗೆ. ಅಂದ್ರೆ ಏಳೂವರೆ ಗಂಟೆ. ಅಷ್ಟು ಹೊತ್ತಿಗೆ ಪಲಾವ್ ಅನ್ನೋದು ಇಟ್ಟಿಗೆ ಥರ ಡಬ್ಬಿಯ ಆಕಾರದಲ್ಲೇ ಹೊರಗೆ ಬರುತ್ತೆ.

ಈ ವರ್ಷ ಈ ವಿಷಯದಲ್ಲಿ ಮೂರು ಪಾಠ ಆಯ್ತು. ಒಂದು ನನ್ನ ಹೊಟ್ಟೆಗೆ, ಒಂದು ನನ್ನ ಜೇಬಿಗೆ. ಮೂರನೇದು ಅಮ್ಮಂದು, ಅದನ್ನ ಬರೆಯೋಕೆ ಸ್ವಲ್ಪ ಟೈಮ್ ತಗೊಂಡೆ. ಒಂದೊಂದಾಗಿ ಹೇಳ್ತೀನಿ, ಪೂರ್ತಿ ಓದಿ.

ಭಾಗ 2/8
(ಫೋಟೋ: ಚಿತ್ರಾನ್ನ. ಇದು ಆ ದಿನದ್ದಲ್ಲ. ಆ ದಿನ ಫೋಟೋ ತೆಗೆಯೋ ಸ್ಥಿತಿಲಿ ಇರ್ಲಿಲ್ಲ.)

ಏಪ್ರಿಲ್ ತಿಂಗಳು. ಡಬ್ಬಿಲಿ ಚಿತ್ರಾನ್ನ, ಮೂಲೇಲಿ ಸ್ವಲ್ಪ ಹಸಿಕಾಯಿ ಚಟ್ನಿ. ಚಟ್ನಿ ಸ್ವಲ್ಪ ಹುಳಿ ಹೊಡೀತಿತ್ತು, ಅದನ್ನ ಪಕ್ಕಕ್ಕಿಟ್ಟು ಚಿತ್ರಾನ್ನ ಪೂರ್ತಿ ತಿಂದೆ. ಮೂರೂವರೆ ಕ್ಲಾಸಲ್ಲಿ ಬೆವರು ಶುರುವಾಯ್ತು. ನಾಲ್ಕಕ್ಕೆ ವಾಂತಿ. ಸಂಜೆ ಟ್ರೈನಲ್ಲಿ ಬಾಗಿಲ ಹತ್ರಾನೇ ನಿಂತ್ಕೊಂಡು ಊರು ತಲುಪಿದೆ. ಜೊತೆಗಿದ್ದ ಇಬ್ಬರು ಫ್ರೆಂಡ್ಸ್ ಇಲ್ಲದಿದ್ರೆ ಅವತ್ತು ಯಾವ ಸ್ಟೇಷನ್ನಲ್ಲಿ ಇಳೀತಿದ್ನೋ ಗೊತ್ತಿಲ್ಲ.

ಮನೇಲಿ ಅಜ್ಜಿ ತೀರ್ಪು ರೆಡಿ ಇಟ್ಕೊಂಡಿದ್ಳು: "ಆರಿದ್ದು ತಿಂದ್ರೆ ಇನ್ನೇನಾಗುತ್ತೆ!"

ಆದ್ರೆ ಮಾರನೇ ದಿನ ಡಾಕ್ಟರ್ ಕೇಳಿದ್ದು ಬೇರೇನೆ. "ಅನ್ನ ಯಾವಾಗ ಮಾಡಿದ್ದು?" ಅಂದ್ರು. ಅಮ್ಮ ಸಂಕೋಚದಿಂದ ಹೇಳಿದ್ಳು: ರಾತ್ರಿ ಎಂಟೂವರೆಗೆ. ಉಳಿದ ಅನ್ನ ಪಾತ್ರೇಲೇ ಕಟ್ಟೆ ಮೇಲಿತ್ತು, ಬೆಳಿಗ್ಗೆ ಒಗ್ಗರಣೆ ಹಾಕಿ ಡಬ್ಬಿಗೆ ತುಂಬಿದ್ದು. ಲೆಕ್ಕ ಹಾಕಿ ನೋಡಿ. ರಾತ್ರಿ ಎಂಟೂವರೆಯಿಂದ ಮಧ್ಯಾಹ್ನ ಒಂದೂಮುಕ್ಕಾಲು, ಹದಿನೇಳು ಗಂಟೆ ಮೇಲಾಯ್ತು. ಅದೂ ಬೇಸಿಗೇಲಿ.

ಅಕ್ಕೀಲಿ ಸಾಮಾನ್ಯವಾಗಿ ಇರೋ ಒಂದು ಬ್ಯಾಕ್ಟೀರಿಯಾ ಇದೆ, ಬ್ಯಾಸಿಲಸ್ ಸೀರಿಯಸ್ ಅಂತ. (ಹೆಸರಲ್ಲೇ ಸೀರಿಯಸ್!) ಅದರ ಬೀಜಕಣಗಳು ಅನ್ನ ಬೇಯಿಸಿದ್ರೂ ಸಾಯಲ್ಲ. ಅನ್ನ ಬೆಚ್ಚಗೆ ಹೊರಗಡೆ ಇದ್ರೆ ಅವು ಮೊಳೆತು, ಬೆಳೆದು, ವಿಷ ಬಿಡ್ತವೆ. ವಾಂತಿ ತರಿಸೋ ಆ ವಿಷ ಎಷ್ಟು ಗಟ್ಟಿ ಅಂದ್ರೆ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ತಿಂದು ಒಂದರಿಂದ ಆರು ಗಂಟೆ ಒಳಗೆ ವಾಂತಿ ಶುರುವಾಗುತ್ತೆ. ನಾವು ಟೆಸ್ಟ್ ಏನೂ ಮಾಡಿಸ್ಲಿಲ್ಲ, ಆದ್ರೆ ಡಾಕ್ಟರ್ ಅಂದಾಜು ಅದೇ ಆಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಬೆಳಿಗ್ಗೆ ಆ ಅನ್ನಕ್ಕೆ ಒಗ್ಗರಣೆ ಹಾಕಿದಾಗ ಅದು ಹೊಗೆಯಾಡ್ತಿತ್ತು. ಬಿಸಿಬಿಸಿ ಇತ್ತು. ಆಗಲೇ ತಿಂದಿದ್ರೂ ಇದೇ ಗತಿ ಆಗಬಹುದಿತ್ತು. ಅಂದ್ರೆ ತಪ್ಪು ಅನ್ನ ಆರಿದ್ದಲ್ಲ, ರಾತ್ರಿಯೆಲ್ಲಾ ಬೆಚ್ಚಗೆ ಹೊರಗಡೆ ಕೂತಿದ್ದು.

ಭಾಗ 3/8
(ಫೋಟೋ: ಕ್ಯಾಂಟೀನ್ ಟೋಕನ್‌ಗಳು. ಹೌದು, ಕೂಡಿಟ್ಕೊಂಡಿದ್ದೆ. ಕಾಮರ್ಸ್ ಸ್ಟೂಡೆಂಟ್ ಅಲ್ವಾ.)

ಅದು ಆಮೇಲೆ ಅರ್ಥವಾಗಿದ್ದು. ಅವತ್ತು ನಾನು ತಗೊಂಡ ತೀರ್ಮಾನ ಒಂದೇ: ಇನ್ಮೇಲೆ ಬಿಸಿ ಊಟಾನೇ. ಡಬ್ಬಿ ಬೇಡ ಅಂದೆ. ಅಮ್ಮ ಏನೂ ಅನ್ನಲಿಲ್ಲ, ಡಬ್ಬಿ ತೊಳೆದು ಮೇಲಿನ ಶೆಲ್ಫಿಗೆ ಇಟ್ಟಳು.

ಹೊರಗೆ ಬಿಸಿಯಾಗಿ ಏನು ಸಿಗುತ್ತೆ? ಪಫ್ಸ್, ಎಗ್ ರೈಸ್, ಗೋಬಿ, ಪೂರಿ. ಎಲ್ಲಾ ಬಿಸಿನೇ, ಬಾಯಿ ಸುಡುತ್ತೆ. ದಿನಕ್ಕೆ ಸರಾಸರಿ 60 ರೂಪಾಯಿ, ತಿಂಗಳಿಗೆ 22 ದಿನ, 1,320 ರೂಪಾಯಿ. ಐದು ತಿಂಗಳಿಗೆ 6,600. ಅದು ನನ್ನ ಒಂದು ಸೆಮಿಸ್ಟರ್ ಪುಸ್ತಕ, ಜೆರಾಕ್ಸ್, ಪಾಸು ಎಲ್ಲಾ ಸೇರಿದ್ರೂ ಆಗದಷ್ಟು ದುಡ್ಡು. ತೂಕ ನಾಲ್ಕು ಕೆಜಿ ಏರಿತು, ಮಧ್ಯಾಹ್ನದ ಕ್ಲಾಸಲ್ಲಿ ನಿದ್ದೆ, ಸಂಜೆ ಎದೆ ಉರಿ. ಆದ್ರೂ ಮನಸ್ಸಿಗೆ ಸಮಾಧಾನ: "ಬಿಸಿ ತಿಂತಿದೀನಲ್ಲ, ಸೇಫ್."

ಆಗ ನನಗೆ ಹೊಳೀದೇ ಇದ್ದಿದ್ದು ಇಷ್ಟೇ. ಮುಂದೆ ಆರೋಗ್ಯ ಏನಾಗುತ್ತೆ ಅನ್ನೋದನ್ನ ನಿರ್ಧರಿಸೋದು ತಟ್ಟೇಲಿ ಏನಿದೆ ಅನ್ನೋದು. ಅದರ ಮೇಲೆ ಹೊಗೆ ಬರ್ತಿದ್ಯಾ ಅನ್ನೋದಲ್ಲ. ಬಿಸಿ ಗೋಬಿಗಿಂತ ಆರಿದ ಚಪಾತಿ-ಕಾಳುಪಲ್ಯ ಎಷ್ಟೋ ಮೇಲು. ಉಪ್ಪು, ಎಣ್ಣೆ, ಮೈದಾ ಬಿಸಿಯಾಗಿದ್ರೆ ಒಳ್ಳೇದಾಗಲ್ಲ.

ಒಂದು ನಿಜ ಒಪ್ಕೋಬೇಕು. ಆರಿದ ಊಟಕ್ಕೆ ರುಚಿ ಕಮ್ಮಿ, ವಾಸನೆ ಕಮ್ಮಿ. ಅದಕ್ಕೇ ನಾವು ಅರ್ಧ ತಿಂತೀವಿ. ನಾನೂ ಡಬ್ಬಿಲಿ ಉಳಿದಿದ್ದನ್ನ ಸ್ಟೇಷನ್ ನಾಯಿಗೆ ಹಾಕಿ, ಖಾಲಿ ಡಬ್ಬಿ ಮನೆಗೆ ತರ್ತಿದ್ದೆ, ಅಮ್ಮಂಗೆ ಬೇಜಾರಾಗಬಾರದು ಅಂತ. ದಿನಾ ಹೀಗೆ ಅರೆಹೊಟ್ಟೆ ಇದ್ದು ಸಂಜೆ ಬಜ್ಜಿ ತಿನ್ನೋದಿದ್ಯಲ್ಲ, ಅದು ದೂರದಲ್ಲಿ ಖಂಡಿತ ಪೆಟ್ಟು ಕೊಡುತ್ತೆ. ಆರಿದ ಊಟದ ನಿಜವಾದ ನಷ್ಟ ಅದು.

ಭಾಗ 4/8
(ಫೋಟೋ: ಫ್ಯಾಮಿಲಿ ಗ್ರೂಪಿಗೆ ಬಂದ ಫಾರ್ವರ್ಡ್. ಕಳಿಸಿದವರ ಹೆಸರು ಮುಚ್ಚಿದೀನಿ, ಅವರು ನಮ್ಮ ಚಿಕ್ಕಪ್ಪ.)

"ಊಟ ಆದ್ಮೇಲೆ ತಣ್ಣೀರು ಕುಡಿದ್ರೆ ಎಣ್ಣೆ ಗಟ್ಟಿಯಾಗಿ ಕರುಳಿಗೆ ಅಂಟಿ ಕ್ಯಾನ್ಸರ್ ಬರುತ್ತೆ." ಎಲ್ಲರ ಗ್ರೂಪಲ್ಲೂ ಬಂದಿರುತ್ತೆ ಇದು.

ಚಳಿಗಾಲದಲ್ಲಿ ಡಬ್ಬಿ ತುಪ್ಪ ಕಲ್ಲಾಗೋದು ನೋಡಿದೀವಿ, ಅದಕ್ಕೇ ನಂಬ್ತೀವಿ. ಆದ್ರೆ ಅದೇ ತುಪ್ಪ ಅಂಗೈ ಮೇಲೆ ಹಾಕ್ಕೊಳ್ಳಿ, ಕರಗುತ್ತೆ. ನಮ್ಮ ಮೈಯ ಬಿಸಿ 37 ಡಿಗ್ರಿ ಆಸುಪಾಸು. ಹೊಟ್ಟೆ ಒಳಗೂ ಅಷ್ಟೇ. ಆರಿದ ಅನ್ನ ಇರ್ಲಿ, ಫ್ರಿಡ್ಜಿನ ನೀರಿರ್ಲಿ, ಒಳಗೆ ಹೋದ ಸ್ವಲ್ಪ ಹೊತ್ತಿಗೆ ಮೈಯ ಬಿಸಿಗೇ ಬಂದು ಸೇರುತ್ತೆ. ಜೀರ್ಣ ಮಾಡೋ ರಸಗಳು ಕೆಲಸ ಮಾಡೋದೂ ಆ ಬಿಸಿಯಲ್ಲೇ. ಊಟ ಆರಿತು ಅಂತ ಅದರಲ್ಲಿರೋ ಪ್ರೋಟೀನು, ಕಬ್ಬಿಣ, ಕ್ಯಾಲ್ಸಿಯಂ ಎದ್ದು ಹೋಗಲ್ಲ. ವಿಟಮಿನ್ ಸಿ ಥರದ್ದು ಕಮ್ಮಿ ಆಗುತ್ತೆ, ನಿಜ. ಆದ್ರೆ ಅದು ಬೇಯಿಸೋವಾಗಲೇ ಕಮ್ಮಿ ಆಗಿರುತ್ತೆ, ಮತ್ತೆ ಮತ್ತೆ ಬಿಸಿ ಮಾಡಿದ್ರೆ ಇನ್ನೂ ಹೋಗುತ್ತೆ.

ತಮಾಷೆ ಏನು ಅಂದ್ರೆ ಕ್ಯಾನ್ಸರ್ ವಿಷಯದಲ್ಲಿ ವಿಜ್ಞಾನಿಗಳು ಎಚ್ಚರಿಕೆ ಕೊಟ್ಟಿರೋದು ಬಿಸಿ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ, 65 ಡಿಗ್ರಿಗಿಂತ ಜಾಸ್ತಿ ಬಿಸಿ ಇರೋ ಪಾನೀಯ ಕುಡಿಯೋದನ್ನ ಅನ್ನನಾಳದ ಕ್ಯಾನ್ಸರಿಗೆ "ಬಹುಶಃ ಕಾರಣ" ಅನ್ನೋ ಪಟ್ಟಿಗೆ ಸೇರಿಸ್ತು. ಟೀ ಲೋಟ ಮುಟ್ಟಕ್ಕಾಗದಷ್ಟು ಸುಡ್ತಿರುವಾಗಲೇ ಸೊರ್ ಅಂತ ಎಳೀತೀವಲ್ಲ, ಅದು. ಚಿಕ್ಕಪ್ಪಂಗೆ ಇದನ್ನ ವಾಪಸ್ ಫಾರ್ವರ್ಡ್ ಮಾಡಿದೆ. ಬ್ಲೂ ಟಿಕ್ ಬಂತು, ಉತ್ತರ ಬರ್ಲಿಲ್ಲ.

ಹಂಗಂತ ಯಾರಿಗೂ ತಣ್ಣಗಿನದ್ದು ತೊಂದ್ರೆ ಕೊಡಲ್ಲ ಅಂತಲ್ಲ. ಹಲ್ಲು ಜುಮ್ ಅನ್ನೋರಿಗೆ, ಐಸ್ ತಿಂದ ತಕ್ಷಣ ತಲೆನೋವು ಬರೋರಿಗೆ ಅದು ನಿಜವಾದ ನೋವೇ. ನಿಮಗೆ ಆಗಲ್ಲ ಅಂದ್ರೆ ತಿನ್ನಬೇಡಿ. ಆದ್ರೆ ಅದನ್ನ ಎಲ್ಲರ ಕಾಯಿಲೆ ಮಾಡೋದು ಬೇಡ.

ಭಾಗ 5/8
(ಫೋಟೋ: ಅಜ್ಜಿ ಕೈ, ಕಂಚಿನ ಬಟ್ಟಲು, ಮಜ್ಜಿಗೆಲಿ ಕಿವುಚಿದ ತಂಗಳು ಮುದ್ದೆ.)

"ಆರಿದ್ದು ತಿನ್ನಬೇಡ" ಅನ್ನೋ ಇದೇ ಅಜ್ಜಿ ಬೆಳಿಗ್ಗೆ ತಿನ್ನೋದು ಏನು? ರಾತ್ರಿಯ ತಂಗಳು ಮುದ್ದೆ, ಮಜ್ಜಿಗೆ, ಉಪ್ಪು, ಒಂದು ಈರುಳ್ಳಿ. ಕೇಳಿದ್ರೆ "ಅದು ತಂಗಳು ಕಣೋ, ಆರಿದ್ದಲ್ಲ" ಅಂತಾಳೆ.

ಮೊದಲು ನಗು ಬಂತು, ಆಮೇಲೆ ಯೋಚನೆ ಮಾಡಿದ್ರೆ ಅಜ್ಜಿ ಮಾತಲ್ಲಿ ಅರ್ಥ ಇದೆ. ತಂಗಳು ಅನ್ನೋದು ಮರೆತು ಬಿಟ್ಟ ಊಟ ಅಲ್ಲ, ಬೇಕು ಅಂತಲೇ ಇಟ್ಟ ಊಟ. ಮಜ್ಜಿಗೆ ಸೇರಿದಾಗ ಹುಳಿ ಬರುತ್ತೆ. ಆ ಹುಳೀಲಿ ಕೆಟ್ಟ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯಲ್ಲ. ರಾಗಿ ಅಂಬಲಿನೂ ಹಂಗೇ. ತಮಿಳುನಾಡಿನ ಪಳಯ ಸಾದಂ, ಬಂಗಾಳದ ಪಾಂತಾ ಭಾತ್, ಒಡಿಶಾದ ಪಖಾಳ, ಎಲ್ಲಾ ಒಂದೇ ಕುಟುಂಬ. ಒಡಿಶಾದವರು ಮಾರ್ಚ್ 20ನ್ನ ಪಖಾಳ ದಿನ ಅಂತಲೇ ಆಚರಿಸ್ತಾರೆ.

ನಮ್ಮ ಪ್ರಯಾಣದ ಊಟಗಳನ್ನ ನೋಡಿ. ಪುಳಿಯೋಗರೆಗೆ ಹುಣಸೆಹಣ್ಣು, ಅದಕ್ಕೇ ಅದು ಯಾತ್ರೆಗೆ ಹೋಗುತ್ತೆ. ನನ್ನ ಕ್ಲಾಸಲ್ಲಿ ವಿಜಯಪುರದ ಹುಡುಗ ಒಬ್ಬ ಇದಾನೆ. ಊರಿಂದ ಬರುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತರ್ತಾನೆ, ವಾರಗಟ್ಟಲೆ ಕೆಡಲ್ಲ. ಅದರಲ್ಲಿ ನೀರೇ ಇಲ್ಲ, ಬ್ಯಾಕ್ಟೀರಿಯಾಗೆ ಬದುಕೋಕೆ ನೀರು ಬೇಕು. ತೆಂಗಿನ ಸೀಮೆಯವರಾದ ನಮಗೂ ಇದು ಗೊತ್ತು: ಹಸಿಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹಳಸುತ್ತೆ, ಕೊಬ್ಬರಿ ಚಟ್ನಿಪುಡಿ ತಿಂಗಳಾದ್ರೂ ಇರುತ್ತೆ. ಹುಳಿ ಮಾಡು, ಒಣಗಿಸು, ಉಪ್ಪು ಹಾಕು. ಫ್ರಿಡ್ಜ್ ಇಲ್ಲದ ಕಾಲದವರು ಆರಿದ ಊಟಕ್ಕೆ ಹೆದರಲಿಲ್ಲ, ಕೆಡೋ ಊಟಕ್ಕೆ ಹೆದರಿದ್ರು.

ಇನ್ನೊಂದು ಮಾತು. ಬೇಯಿಸಿದ ಅನ್ನ ತಣ್ಣಗಾದಾಗ ಅದರ ಪಿಷ್ಟದಲ್ಲಿ ಸ್ವಲ್ಪ ಭಾಗ ಸುಲಭಕ್ಕೆ ಜೀರ್ಣವಾಗದ ರೂಪಕ್ಕೆ ತಿರುಗುತ್ತೆ, ಅದು ಕರುಳಿನ ಒಳ್ಳೇ ಬ್ಯಾಕ್ಟೀರಿಯಾಗೆ ಆಹಾರ. ರೀಲ್ಸ್‌ನಲ್ಲಿ ಇದನ್ನೇ ದೊಡ್ಡ ಮದ್ದು ಥರ ತೋರಿಸ್ತಾರೆ. ಅಷ್ಟೆಲ್ಲಾ ಇಲ್ಲ, ಬದಲಾಗೋದು ಸ್ವಲ್ಪ ಪಾಲು ಮಾತ್ರ. ಮತ್ತೆ "ನಮ್ಮಜ್ಜಿ ತಿಂದು 78 ವರ್ಷ ಬದುಕಿಲ್ವಾ" ಅನ್ನೋ ವಾದಾನೂ ನಾನು ಮಾಡಲ್ಲ. ಒಬ್ಬ ಅಜ್ಜಿ ಅಂದ್ರೆ ಒಂದೇ ಸ್ಯಾಂಪಲ್, ಸ್ಟ್ಯಾಟಿಸ್ಟಿಕ್ಸ್ ಮೇಡಂ ಬೈತಾರೆ.

ಭಾಗ 6/8
(ಫೋಟೋ: ಅಮ್ಮನ ತಟ್ಟೆ. ಕೇಳಿ ತೆಗೆದಿದ್ದು. "ಇದನ್ನೆಲ್ಲಾ ಯಾಕೋ ತೆಗೀತೀಯ" ಅಂದ್ಳು.)

ಇದು ಮೂರನೇ ಪಾಠ.

ಆಗಸ್ಟಲ್ಲಿ ಅಮ್ಮಂಗೆ ಸುಸ್ತು ಜಾಸ್ತಿ ಆಯ್ತು. ಹಾಲು ಹಾಕೋಕೆ ಡೈರಿವರೆಗೆ ನಡೆದ್ರೆ ಏದುಸಿರು, ಎದ್ದು ನಿಂತ್ರೆ ಕಣ್ಣು ಕತ್ತಲೆ. "ವಯಸ್ಸಾಯ್ತು" ಅಂತಿದ್ಳು. ಅವಳಿಗೆ 43. ರಕ್ತ ಪರೀಕ್ಷೆ ಮಾಡಿಸಿದ್ವಿ, ಹಿಮೋಗ್ಲೋಬಿನ್ 8.6. ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ಲೆಕ್ಕ.

ಡಾಕ್ಟರ್ ಮುಟ್ಟಿನ ಬಗ್ಗೆ ಕೇಳಿದ್ರು, ನಾನು ಎದ್ದು ಹೊರಗೆ ಹೋಗೋಕೆ ನೋಡಿದೆ. "ಕೂತ್ಕೊಳ್ಳಪ್ಪ, ನಿನಗೂ ಗೊತ್ತಿರ್ಲಿ" ಅಂದ್ರು. ಆಮೇಲೆ ಊಟದ ಬಗ್ಗೆ ಕೇಳಿದ್ರು, ಎಷ್ಟು ಗಂಟೆಗೆ, ಏನು. ಅಮ್ಮ ಹೇಳ್ತಾ ಹೋದ್ಳು. ಬೆಳಿಗ್ಗೆ ತಿಂಡಿ ಹನ್ನೊಂದೂವರೆಗೆ. ಮಧ್ಯಾಹ್ನ ಮೂರೂವರೆಗೆ. ರಾತ್ರಿ ಹತ್ತಕ್ಕೆ, ಎಲ್ಲರದ್ದೂ ಆದ್ಮೇಲೆ. ಊಟದ ಜೊತೆಗೇ ಟೀ. ಕೊನೇಲಿ ಅವಳೇ ಕೇಳಿದ್ಳು: "ಎಲ್ಲಾ ಆರಿದ್ದೇ ತಿನ್ನೋದು ಡಾಕ್ಟ್ರೇ. ಅದಕ್ಕೇ ಹಿಂಗಾಗಿದ್ಯಾ?"

ಅವರು ಹೇಳಿದ್ದು: "ಆರಿದ್ದಕ್ಕಲ್ಲಮ್ಮ. ಉಳಿದಿದ್ದಕ್ಕೆ."

ಮೊದಲು ನನಗೆ ಅರ್ಥ ಆಗ್ಲಿಲ್ಲ. ಅವರು ಬಿಡಿಸಿ ಕೇಳಿದ್ರು. ಬಸ್ಸಾರು ಮಾಡಿದ ದಿನ ಸೊಪ್ಪಿನ ಪಲ್ಯ ಯಾರಿಗೆ ಹೋಗುತ್ತೆ? ಅಪ್ಪಂಗೆ, ನಮಗೆ. ಅಮ್ಮಂಗೆ? "ಉಳಿದ್ರೆ." ಸಾರಿನ ಕಾಳು? ತಳದಲ್ಲಿ ಇದ್ರೆ. ಮೊಟ್ಟೆ? "ಮಕ್ಕಳು ತಿಂತವೆ." ಅಮ್ಮನ ತಟ್ಟೇಲಿ ದಿನಾ ಇರ್ತಿದ್ದಿದ್ದು ಅನ್ನ, ತಿಳಿ ಸಾರು, ಉಪ್ಪಿನಕಾಯಿ. ಸೊಪ್ಪು ಕಾಳು ಎಲ್ಲಾ ಮೊದಲೇ ಮೂರು ತಟ್ಟೆ ಸುತ್ತಿ ಖಾಲಿ ಆಗಿರ್ತಿತ್ತು. ಅದರ ಮೇಲೆ ಟೀ. ಊಟದ ಜೊತೆ ಟೀ ಕುಡಿದ್ರೆ ಊಟದಲ್ಲಿರೋ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ.

ಮುಟ್ಟಿನ ರಕ್ತಸ್ರಾವಾನೂ ಒಂದು ಕಾರಣ ಅಂತ ಡಾಕ್ಟರ್ ಹೇಳಿದ್ರು, ಅದಕ್ಕೆ ಬೇರೆ ಔಷಧಿ ಕೊಟ್ರು. ಎಲ್ಲಾ ಊಟದಿಂದಲೇ ಅಂತ ನಾನು ಹೇಳ್ತಿಲ್ಲ. ಆದ್ರೆ ಊಟದ ಪಾಲು ನಮ್ಮ ಕೈಲಿತ್ತು, ನಾವು ನೋಡಿರಲಿಲ್ಲ.

ಭಾಗ 7/8
(ಫೋಟೋ: ಕಾಸ್ಟ್ ಅಕೌಂಟಿಂಗ್ ನೋಟ್ಸ್, ಸ್ಟೋರ್ಸ್ ಲೆಡ್ಜರ್ ಪುಟ.)

ಕ್ಲಾಸ್‌ಮೇಟ್ಸ್, ನಿಮಗೆ ಫೈಫೋ ನೆನಪಿದ್ಯಾ? ಮೊದಲು ಬಂದ ಸ್ಟಾಕ್ ಮೊದಲು ಖರ್ಚಾಗಬೇಕು. ಲೈಫೋ ಅಂದ್ರೆ ಕೊನೆಗೆ ಬಂದಿದ್ದು ಮೊದಲು. ನಮ್ಮ ದೇಶದ ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಲೈಫೋ ಒಪ್ಪಲ್ಲ ಅಂತ ಎಕ್ಸಾಮಲ್ಲಿ ಬರೆದು ಬಂದಿದೀವಿ.

ನಮ್ಮನೆ ಅಡುಗೆಮನೇಲಿ ಎರಡೂ ಒಟ್ಟಿಗೆ ನಡೀತಿತ್ತು. ಹೊಸದಾಗಿ ಮಾಡಿದ್ದು ಮೊದಲು ನಮ್ಮ ತಟ್ಟೆಗೆ, ಲೈಫೋ. ನೆನ್ನೆಯದ್ದು, ಮೊನ್ನೆಯದ್ದು ಮೊದಲು ಅಮ್ಮನ ತಟ್ಟೆಗೆ, ಫೈಫೋ. ಏನೂ ವೇಸ್ಟ್ ಆಗ್ತಿರ್ಲಿಲ್ಲ. ಲೆಕ್ಕ ಸರಿ ಹೊಂದ್ತಿತ್ತು. ಯಾಕಂದ್ರೆ ನಷ್ಟ ಎಲ್ಲಾ ಒಬ್ಬಳ ಮೈಯಲ್ಲಿ ಬರೀತಿದ್ವಿ.

ನಮ್ಮನೆ ಕಥೆ ಮಾತ್ರ ಅಲ್ಲ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ನಮ್ಮ ಕ್ಲಾಸಲ್ಲಿ ಕೂತಿರೋ ಹುಡುಗೀರೂ ಆ ವಯಸ್ಸಿನವರೇ.

ನನಗೆ ನಾಚಿಕೆ ಆಗಿದ್ದು ಎಲ್ಲಿ ಗೊತ್ತಾ? ಐದು ತಿಂಗಳು ನಾನು "ಆರಿದ್ದು ತಿಂದ್ರೆ ನನಗೆ ಏನಾದ್ರೂ ಆಗುತ್ತೆ" ಅಂತ ಕ್ಯಾಂಟೀನಿಗೆ 6,600 ಸುರಿದೆ. ಅದೇ ಐದು ತಿಂಗಳು ಆ ಮನೇಲಿ ಮೂರೊತ್ತೂ ಆರಿದ್ದು, ಅದೂ ಉಳಿದಿದ್ದು ತಿಂತಿದ್ದವಳ ಬಗ್ಗೆ ಒಂದು ದಿನಾನೂ ಈ ಪ್ರಶ್ನೆ ಕೇಳಲಿಲ್ಲ.

ಭಾಗ 8/8
(ಫೋಟೋ: ಇವತ್ತಿನ ಡಬ್ಬಿ. ಆರಿದೆ. ಖಾಲಿ ಆಗಿದೆ. ನಾಯಿಗೆ ಹಾಕಿಲ್ಲ, ಪ್ರಾಮಿಸ್.)

ಈಗ ಏನು ಬದಲಾಗಿದೆ, ಪಾಯಿಂಟ್ ಪ್ರಕಾರ ಹೇಳಿಬಿಡ್ತೀನಿ.

ಡಬ್ಬಿಗೆ: ರಾತ್ರಿ ಹೊರಗಿದ್ದ ಅನ್ನ ಇಲ್ಲ. ಉಳಿದ್ರೆ ಅಗಲ ತಟ್ಟೇಲಿ ಹರಡಿ ಬೇಗ ಆರಿಸಿ, ಎರಡು ಗಂಟೆ ಒಳಗೆ ಫ್ರಿಡ್ಜಿಗೆ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾಗೆ ಹಬ್ಬ, ಆ ನಡುವೆ ಊಟ ಕಮ್ಮಿ ಹೊತ್ತು ಇರಬೇಕು. ಡಬ್ಬಿ ಏಳೂವರೆ ಗಂಟೆ ಅಲ್ಲೇ ಇರುತ್ತೆ, ಅದಕ್ಕೇ ರಿಸ್ಕ್ ಸೊನ್ನೆ ಅಂತ ನಾನು ಹೇಳಲ್ಲ. ಆದ್ರೆ ಬೆಳಿಗ್ಗೆ ಹೊಸದಾಗಿ ಮಾಡಿದ ಚಪಾತಿ, ರೊಟ್ಟಿ, ಒಣ ಪಲ್ಯ, ಪುಳಿಯೋಗರೆ, ಮೊಸರನ್ನ ಇವು ಬೇಸಿಗೇಲೂ ತಡೀತವೆ. ಹಸಿಕಾಯಿ ಚಟ್ನಿ, ಗಟ್ಟಿ ಗ್ರೇವಿ ಬೇಡ. ಹೊಗೆಯಾಡ್ತಿರೋವಾಗಲೇ ಮುಚ್ಚಳ ಹಾಕಬೇಡಿ, ಒಳಗೆ ನೀರಾಗುತ್ತೆ.

ಬಿಸಿ ಇಡೋ ಡಬ್ಬಿ: ನಾನೂ ಆಫರಲ್ಲಿ ಒಂದು ತಗೊಂಡೆ. ಮಧ್ಯಾಹ್ನಕ್ಕೆ ಉಗುರುಬೆಚ್ಚಗಿತ್ತು. ಉಗುರುಬೆಚ್ಚಗೆ ಅಂದ್ರೆ ಬ್ಯಾಕ್ಟೀರಿಯಾಗೆ ಹಾಸಿಗೆ ಹಾಸಿಕೊಟ್ಟಂಗೆ. ತಗೊಂಡ್ರೆ ಮೊದಲು ಕುದಿಯೋ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿಕುದಿ ಊಟ ಪೂರ್ತಿ ತುಂಬಿ. ಅರ್ಧ ತುಂಬಿದ್ರೆ ಪ್ರಯೋಜನ ಇಲ್ಲ. ನನಗೆ ಬೆಳಿಗ್ಗೆ ಅಷ್ಟು ಟೈಮ್ ಇಲ್ಲ, ಹಳೇ ಸ್ಟೀಲ್ ಡಬ್ಬಿನೇ ಶೆಲ್ಫಿಂದ ಇಳಿಸಿದೆ. ಅಮ್ಮ ಮೊದಲನೇ ದಿನ ಸುಮ್ಮನೆ ನಕ್ಕಳು.

ಮನೇಲಿ: ಬಡಿಸೋಕೆ ಮೊದಲೇ ಅಮ್ಮನ ಪಾಲಿನ ಸೊಪ್ಪು, ಕಾಳು ಬೇರೆ ಬಟ್ಟಲಿಗೆ ತೆಗೆದಿಡೋದು ತಂಗಿ ಕೆಲಸ. ಉಳಿದಿದ್ದು ಏನಾದ್ರೂ ಇದ್ರೆ ನಾಲ್ಕು ತಟ್ಟೆಗೂ ಸಮ ಪಾಲು. ಟೀ ಊಟಕ್ಕೆ ಒಂದು ಗಂಟೆ ಆದ್ಮೇಲೆ. ಊಟಕ್ಕೆ ಒಂದು ಹೋಳು ನಿಂಬೆಹಣ್ಣು, ಕಬ್ಬಿಣ ಮೈಗೆ ಹತ್ತೋಕೆ. ರಾತ್ರಿ ಎಂಟೂವರೆಗೆ ಎಲ್ಲರೂ ಒಟ್ಟಿಗೆ ಕೂರ್ತೀವಿ. ಮೊದಲ ವಾರ ಅಮ್ಮ ಎರಡೆರಡು ನಿಮಿಷಕ್ಕೆ ಎದ್ದು ಹೋಗ್ತಿದ್ಳು, ನೀರು, ಉಪ್ಪು ಅಂತ. ಅಪ್ಪನೇ ಒಂದಿನ "ಕೂತ್ಕೊಳ್ಳೇ, ನಾನು ತರ್ತೀನಿ" ಅಂತ ಎದ್ದ್ರು. ನಾನು, ತಂಗಿ ಮುಖ ಮುಖ ನೋಡ್ಕೊಂಡ್ವಿ.

ಮಾತ್ರೆ ನಡೀತಿದೆ. ಮೂರು ತಿಂಗಳಾದ್ಮೇಲೆ ಟೆಸ್ಟ್ ಮಾಡಿಸಿದ್ವಿ, 10.9. ಇನ್ನೂ 12 ಮುಟ್ಟಿಲ್ಲ. ಡೈರಿವರೆಗೆ ಮಾತ್ರ ಏದುಸಿರಿಲ್ಲದೆ ಹೋಗಿ ಬರ್ತಾಳೆ.

ನನ್ನ ಡಬ್ಬಿ ಇವತ್ತೂ ಆರಿತ್ತು. ಎರಡು ಚಪಾತಿ, ಹುರುಳಿಕಾಳು ಪಲ್ಯ, ಮೊಸರನ್ನ. ಅಮ್ಮನೂ ಬೆಳಿಗ್ಗೆ ಒಂಬತ್ತಕ್ಕೆ ಅದನ್ನೇ ತಿಂದಿರ್ತಾಳೆ, ಸ್ವಲ್ಪ ಆರಿರುತ್ತೆ. ಆದ್ರೆ ಉಳಿದಿದ್ದಲ್ಲ.

ಸ್ಟೋರಿ ಪ್ರಶ್ನೆಗೆ ನನ್ನ ಉತ್ತರ ಇದು: ಆರಿದ ಊಟದಿಂದ ಆರೋಗ್ಯ ಹಾಳಾಗಲ್ಲ. ಕೆಟ್ಟಿದ್ದರಿಂದ ಆಗುತ್ತೆ, ಅರೆಹೊಟ್ಟೆಯಿಂದ ಆಗುತ್ತೆ, ಬರೀ ಉಳಿದಿದ್ದರಿಂದ ಆಗುತ್ತೆ. ಈಗ ನಿಮಗೊಂದು ಪ್ರಶ್ನೆ. ನಿಮ್ಮನೇಲಿ ಕೊನೆಗೆ ಊಟ ಮಾಡೋದು ಯಾರು? ಅವರು ಕೂರೋ ಹೊತ್ತಿಗೆ ಪಾತ್ರೇಲಿ ಏನು ಉಳಿದಿರುತ್ತೆ? ಕಾಮೆಂಟ್ ಮಾಡೋದು ಬೇಡ. ಇವತ್ತು ರಾತ್ರಿ ಒಂದ್ಸಲ ಎದ್ದು ಹೋಗಿ ಪಾತ್ರೆ ನೋಡಿ.

#ಡಬ್ಬಿಕಥೆ #ಬಿಕಾಂದಿನಗಳು #ತಿಪಟೂರುತುಮಕೂರು #ಅಮ್ಮನತಟ್ಟೆ